ಬೆತ್‌ಪೇಜ್ ಬ್ಲ್ಯಾಕ್‌ನಲ್ಲಿ ಗಾಲ್ಫ್ ಆಡಬೇಕಾ? ಬುಕಿಂಗ್‌ನಿಂದ ಹದಿನೆಂಟನೇ ಹೋಲ್‌ವರೆಗೆ

"ಅಲ್ಲಿ ಆಡೋಕೆ ಮೆಂಬರ್‌ಶಿಪ್ ಬೇಕಾ?" "ರಾತ್ರಿ ಕಾರಲ್ಲೇ ಮಲಗಬೇಕಂತೆ, ಹೌದಾ?" "ನನ್ನಂಥವನು ಆಡಿದ್ರೆ ನಗ್ತಾರಾ?" ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಇರುವ ಅಥವಾ ಬಂದುಹೋಗುವ ಗಾಲ್ಫ್ ಹುಚ್ಚಿನ ಕನ್ನಡಿಗರು ಬೆತ್‌ಪೇಜ್ ಬ್ಲ್ಯಾಕ್ ಎಂಬ ಗಾಲ್ಫ್ ಕೋರ್ಸ್ ಬಗ್ಗೆ ನನ್ನನ್ನು ಕೇಳುವುದು ಈ ಮೂರೇ ಪ್ರಶ್ನೆ. 2025ರ ಸೆಪ್ಟೆಂಬರ್‌ನಲ್ಲಿ ರೈಡರ್ ಕಪ್ ಅಲ್ಲೇ ನಡೆದು, ಯುರೋಪಿನವರು ಅಮೆರಿಕವನ್ನು 15-13ರಿಂದ ಸೋಲಿಸಿದ ಮೇಲಂತೂ ಕೇಳುವವರು ಜಾಸ್ತಿಯಾಗಿದ್ದಾರೆ. ಚಿಕ್ಕ ಉತ್ತರ ಹೀಗೆ: ಮೆಂಬರ್‌ಶಿಪ್ ಬೇಡ. ಕಾರಲ್ಲಿ ಮಲಗಲೇಬೇಕು ಅಂತೇನಿಲ್ಲ. ಯಾರೂ ನಗುವುದಿಲ್ಲ, ಆದರೆ ನಿಧಾನ ಮಾಡಿದರೆ ಹಿಂದಿನ ಗುಂಪಿಗೆ ಸಿಟ್ಟು ಬರುತ್ತದೆ. ಉದ್ದದ ಉತ್ತರ ಕೆಳಗಿದೆ.

ಮೊದಲು ಜಾಗದ ಪರಿಚಯ. ಬೆತ್‌ಪೇಜ್ ಸ್ಟೇಟ್ ಪಾರ್ಕ್ ಇರುವುದು ನ್ಯೂಯಾರ್ಕ್ ನಗರದ ಪೂರ್ವಕ್ಕೆ, ಲಾಂಗ್ ಐಲ್ಯಾಂಡಿನ ಫಾರ್ಮಿಂಗ್‌ಡೇಲ್‌ನಲ್ಲಿ. ಲಾಂಗ್ ಐಲ್ಯಾಂಡ್ ಅಂದರೆ ಚಪ್ಪಟೆ ಊರು ಎಂದುಕೊಂಡು ಹೋದವರಿಗೆ ಇಲ್ಲಿನ ದಿಣ್ಣೆಗಳು ಆಶ್ಚರ್ಯ ಹುಟ್ಟಿಸುತ್ತವೆ. ಹಿಮಯುಗದಲ್ಲಿ ಹಿಮನದಿಗಳು ಹೊತ್ತು ತಂದು ಸುರಿದುಹೋದ ಮರಳು, ಮಣ್ಣು, ಕಲ್ಲುಗಳಿಂದ ಆದ ನೆಲ ಇದು. ಹಾಗಾಗಿ ಒಂದು ಏರು, ಒಂದು ಇಳಿವು, ಮತ್ತೆ ಏರು.

ಈ ಪಾರ್ಕಿನೊಳಗೆ 18 ಹೋಲ್‌ಗಳ ಐದು ಕೋರ್ಸ್‌ಗಳಿವೆ. (ಹೋಲ್ ಅಂದರೆ ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಬೇಕಾದ ಕುಳಿಯವರೆಗಿನ ಒಂದು ಹಾದಿ.) ಹೆಸರುಗಳೆಲ್ಲ ಬಣ್ಣದವು: ಬ್ಲ್ಯಾಕ್, ರೆಡ್, ಬ್ಲೂ, ಗ್ರೀನ್, ಯೆಲ್ಲೋ. ಗ್ರೀನ್ ಎಲ್ಲಕ್ಕಿಂತ ಹಳೆಯದು, 1923ರಲ್ಲಿ ಖಾಸಗಿ ಕ್ಲಬ್ಬಿನದಾಗಿ ಶುರುವಾಯಿತು. 1930ರ ದಶಕದಲ್ಲಿ ಆರ್ಥಿಕ ಕುಸಿತ ಬಂದಾಗ ರಾಜ್ಯ ಸರ್ಕಾರ ಈ ಜಾಗ ತೆಗೆದುಕೊಂಡು, ಕೆಲಸ ಕಳೆದುಕೊಂಡವರಿಗೆ ಕೂಲಿ ಕೊಟ್ಟು ಹೊಸ ಕೋರ್ಸ್‌ಗಳನ್ನು ಕಟ್ಟಿಸಿತು. ನಮ್ಮಲ್ಲಿ ಬರ ಬಿದ್ದಾಗ ಕೆರೆ ಹೂಳು ತೆಗೆಸುತ್ತಾರಲ್ಲ, ಹಾಗೆ. ಬ್ಲ್ಯಾಕ್ ತೆರೆದಿದ್ದು 1936ರಲ್ಲಿ. ವಿನ್ಯಾಸ ಎ. ಡಬ್ಲ್ಯು. ಟಿಲ್ಲಿಂಗ್‌ಹ್ಯಾಸ್ಟ್ ಅವರದು. ಅಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಜೋಸೆಫ್ ಬರ್ಬೆಕ್ ಅವರ ಕೈ ಎಷ್ಟಿತ್ತು ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಅದನ್ನು ಗಾಲ್ಫ್ ಇತಿಹಾಸದ ಹುಚ್ಚರಿಗೆ ಬಿಡೋಣ.

2002ರಲ್ಲಿ ಯು.ಎಸ್. ಓಪನ್ ಇಲ್ಲಿ ನಡೆಯಿತು. ಸರ್ಕಾರವೇ ನಡೆಸುವ, ಯಾರು ಬೇಕಾದರೂ ಆಡಬಹುದಾದ ಕೋರ್ಸ್‌ಗೆ ಆ ಪಂದ್ಯಾವಳಿ ಬಂದಿದ್ದು ಅದೇ ಮೊದಲು. ಟೈಗರ್ ವುಡ್ಸ್ ಗೆದ್ದರು. ನಾಲ್ಕು ದಿನದ ಕೊನೆಗೆ ಪಾರ್‌ಗಿಂತ ಕಡಿಮೆ ಹೊಡೆತದಲ್ಲಿ ಮುಗಿಸಿದವರು ಅವರೊಬ್ಬರೇ. (ಪಾರ್ ಅಂದರೆ ನುರಿತ ಆಟಗಾರನಿಗೆ ಒಂದು ಹೋಲ್‌ಗೆ ಬೇಕಾಗುವ ಹೊಡೆತಗಳ ಲೆಕ್ಕ. ಬ್ಲ್ಯಾಕ್‌ನ ಪೂರ್ತಿ ಪಾರ್ 71.) 2009ರಲ್ಲಿ ಮತ್ತೆ ಯು.ಎಸ್. ಓಪನ್, 2019ರಲ್ಲಿ ಪಿಜಿಎ ಚಾಂಪಿಯನ್‌ಶಿಪ್, ಆಮೇಲೆ ರೈಡರ್ ಕಪ್. ಅದೇ ಹುಲ್ಲಿನ ಮೇಲೆ, ಟಿಕೆಟ್ ಕೊಂಡು, ನಾನೂ ನೀವೂ ಆಡಬಹುದು. ಗಾಲ್ಫ್ ಅಂದರೆ ಮೆಂಬರ್‌ಶಿಪ್ಪಿಗೆ ವರ್ಷಗಟ್ಟಲೆ ಕಾಯಬೇಕು ಎಂದುಕೊಂಡು ಬೆಳೆದ ಬೆಂಗಳೂರಿನವರಿಗೆ ಇದನ್ನು ನಂಬೋಕೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

1. ಮೊದಲು ನಿಮ್ಮನ್ನೇ ಒಂದು ಸಲ ನೋಡಿಕೊಳ್ಳಿ

ಬ್ಲ್ಯಾಕ್‌ನ ಮೊದಲ ಟೀ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗ) ಹತ್ತಿರ ಬೇಲಿಗೆ ಒಂದು ಫಲಕ ತಗುಲಿಹಾಕಿದ್ದಾರೆ. ಇದು ವಿಪರೀತ ಕಷ್ಟದ ಕೋರ್ಸ್, ಚೆನ್ನಾಗಿ ಪಳಗಿದವರು ಮಾತ್ರ ಆಡುವುದು ಒಳ್ಳೆಯದು ಎಂಬ ಎಚ್ಚರಿಕೆ ಅದರಲ್ಲಿದೆ. ಎಲ್ಲರೂ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದರ ಮಾತು ಕೇಳುವವರು ಕಡಿಮೆ.

ಹ್ಯಾಂಡಿಕ್ಯಾಪ್ ಸರ್ಟಿಫಿಕೇಟನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಹ್ಯಾಂಡಿಕ್ಯಾಪ್ ಅಂದರೆ, ಸರಳವಾಗಿ ಹೇಳುವುದಾದರೆ, ಚೆನ್ನಾಗಿ ಆಡಿದ ದಿನ ನೀವು ಪಾರ್‌ಗಿಂತ ಎಷ್ಟು ಹೊಡೆತ ಜಾಸ್ತಿ ತೆಗೆದುಕೊಳ್ಳುತ್ತೀರಿ ಅನ್ನುವ ಅಂದಾಜು. ಕೇಳುವುದಿಲ್ಲ ನಿಜ, ನೀವೇ ಕೇಳಿಕೊಳ್ಳಿ. ನಿಮ್ಮ ಮಾಮೂಲಿ ಕೋರ್ಸ್‌ನಲ್ಲಿ ಹದಿನೆಂಟೂ ಹೋಲ್ ಸೇರಿ 95 ಹೊಡೆತದ ಒಳಗೆ ಮುಗಿಸುತ್ತೀರಿ ಅಂದರೆ ಧೈರ್ಯವಾಗಿ ಬನ್ನಿ. 100 ದಾಟುತ್ತದೆ ಅಂದರೆ ಮೊದಲು ರೆಡ್ ಅಥವಾ ಗ್ರೀನ್ ಆಡಿ. ರೆಡ್ ಸುಲಭ ಅಂತಲ್ಲ. ಅದರ ಮೊದಲ ಹೋಲ್ ಏರುವ ಏರಿಗೆ ಎಂಥವರೂ ಏದುಸಿರು ಬಿಡುತ್ತಾರೆ. ಬೇರೆ ಯಾವ ಊರಿನಲ್ಲಿದ್ದರೂ ರೆಡ್ಡೇ ಊರಿಗೆ ದೊಡ್ಡ ಕೋರ್ಸ್ ಆಗಿರುತ್ತಿತ್ತು. ಇಲ್ಲಿ ಅಣ್ಣನ ನೆರಳಲ್ಲಿ ಉಳಿದುಬಿಟ್ಟಿದೆ.

ಹ್ಯಾಂಡಿಕ್ಯಾಪ್‌ಗಿಂತ ಮುಖ್ಯವಾದ ಪ್ರಶ್ನೆ: ನಡೆಯುತ್ತೀರಾ? ಬ್ಲ್ಯಾಕ್‌ನಲ್ಲಿ ಮೋಟಾರ್ ಕಾರ್ಟ್ ಇಲ್ಲ, ಎಲ್ಲರೂ ನಡೆದೇ ಆಡಬೇಕು. ಚೆಂಡಿನ ಹಿಂದೆ ಅಡ್ಡಾದಿಡ್ಡಿ ಓಡಾಡುವುದನ್ನೂ ಸೇರಿಸಿದರೆ ಹತ್ತು ಕಿಲೋಮೀಟರ್ ದಾಟುತ್ತದೆ, ಅದೂ ಗುಡ್ಡದಲ್ಲಿ, ಐದು ಗಂಟೆ ಹೊತ್ತು. ಕ್ಯಾಡಿ (ಚೀಲ ಹೊತ್ತು, ದೂರ ಹೇಳಿ, ಚೆಂಡು ಹುಡುಕಿಕೊಡುವವರು) ಹೆಗಲಿಗೆ ಚೀಲ ಏರಿಸಿಕೊಂಡರೆ ಮಾತ್ರ ಆಡಿ ಅಭ್ಯಾಸ ಇರುವ ನಮ್ಮೂರಿನವರು ಎಡವುವುದು ಇಲ್ಲೇ. ಬರುವ ಒಂದು ತಿಂಗಳ ಮೊದಲು ವಾರಕ್ಕೆ ಎರಡು ಸಲವಾದರೂ ನಿಮ್ಮ ಚೀಲ ನೀವೇ ಹೊತ್ತು ಆಡಿ.

2. ಟೀ ಟೈಮ್ ಹಿಡಿಯುವುದು

ಟೀ ಟೈಮ್ ಅಂದರೆ ನಿಮ್ಮ ಗುಂಪು ಮೊದಲ ಹೊಡೆತ ಹೊಡೆಯಬೇಕಾದ ಹೊತ್ತು. ಬುಕಿಂಗ್ ನಡೆಯುವುದು ಪಾರ್ಕಿನ ಆನ್‌ಲೈನ್ ವ್ಯವಸ್ಥೆಯಲ್ಲಿ. ಮೊದಲು ಖಾತೆ ತೆರೆಯಬೇಕು. ನ್ಯೂಯಾರ್ಕ್ ರಾಜ್ಯದ ಡ್ರೈವಿಂಗ್ ಲೈಸೆನ್ಸ್ ಇರುವವರು ಅದನ್ನು ತೋರಿಸಿ ಖಾತೆಯನ್ನು ರಾಜ್ಯದ ನಿವಾಸಿಯದ್ದು ಎಂದು ದೃಢಪಡಿಸಿಕೊಳ್ಳಬೇಕು. ಇದರಿಂದ ಎರಡು ಲಾಭ. ನಿವಾಸಿಗಳಿಗೆ 7 ದಿನ ಮೊದಲೇ, ಸಂಜೆ 7ಕ್ಕೆ ಬಾಗಿಲು ತೆರೆಯುತ್ತದೆ. ಹೊರಗಿನವರಿಗೆ ಅದಕ್ಕಿಂತ ತಡವಾಗಿ. ಇನ್ನು ದರ: ಹೊರಗಿನವರು ಕೊಡುವುದು ಬಹಳ ಜಾಸ್ತಿ. ಬಹಳ ವರ್ಷ ನಿವಾಸಿಗಳಿಗೆ ವಾರದ ದಿನ 65 ಡಾಲರ್, ವಾರಾಂತ್ಯ 75 ಇತ್ತು. ಹೊರಗಿನವರಿಗೆ 130, 150. ಈಗ ಏರಿದೆ, ಹೊರಡುವ ಮೊದಲು ಆ ವರ್ಷದ ದರ ನೋಡಿಕೊಳ್ಳಿ.

ಇಲ್ಲಿ ನಮ್ಮವರು ಮಾಡುವ ಮೊದಲ ತಪ್ಪು: ಎಡಿಸನ್‌ನಲ್ಲೋ ಜೆರ್ಸಿ ಸಿಟಿಯಲ್ಲೋ ಇದ್ದುಕೊಂಡು "ನಾವೂ ಇಲ್ಲೇ ಪಕ್ಕದವರು" ಎಂದುಕೊಳ್ಳುವುದು. ಹಡ್ಸನ್ ನದಿ ದಾಟಿದರೆ ನೀವು ಹೊರಗಿನವರೇ. ಬೆಂಗಳೂರಿನಿಂದ ಬಂದವರಿಗೂ ನ್ಯೂಜೆರ್ಸಿಯವರಿಗೂ ಅಲ್ಲಿ ವ್ಯತ್ಯಾಸ ಇಲ್ಲ. ನಿಮ್ಮ ಗುಂಪಿನಲ್ಲಿ ಕ್ವೀನ್ಸ್ ಕಡೆಯವರೋ ಲಾಂಗ್ ಐಲ್ಯಾಂಡಿನವರೋ ಒಬ್ಬರಿದ್ದರೆ ಬುಕಿಂಗ್ ಅವರ ಖಾತೆಯಿಂದ ಆಗಲಿ. ಅವರು ನಿಮ್ಮ ಜೊತೆ ಬಂದು ಆಡಬೇಕು ಅನ್ನುವುದನ್ನು ಮರೆಯಬೇಡಿ. ಬುಕ್ ಮಾಡಿಕೊಟ್ಟು ಮನೆಯಲ್ಲಿ ಕೂತರೆ ಕೌಂಟರ್‌ನಲ್ಲಿ ತೊಂದರೆ.

ಸಂಜೆ 7ಕ್ಕೆ ನಮ್ಮ ರೈಲ್ವೆ ತತ್ಕಾಲ್ ಬುಕಿಂಗ್ ನೆನಪಾಗುತ್ತದೆ. ಶನಿವಾರ, ಭಾನುವಾರದ ಬೆಳಗಿನ ಹೊತ್ತುಗಳು ಕಣ್ಣು ಮಿಟುಕಿಸುವುದರಲ್ಲಿ ಖಾಲಿ. ಹೀಗೆ ಮಾಡಿ:

ಐದು ನಿಮಿಷ ಮೊದಲೇ ಲಾಗಿನ್ ಆಗಿ, ಕಾರ್ಡ್ ವಿವರ ಮೊದಲೇ ಹಾಕಿಡಿ. ನಾಲ್ಕು ಜನರ ಜಾಗ ಸಿಗದಿದ್ದರೆ ಇಬ್ಬರಿಗೆ ಹುಡುಕಿ. ಬುಧವಾರ, ಗುರುವಾರದ ಮಧ್ಯಾಹ್ನ ನೋಡಿ. ಸಿಗಲಿಲ್ಲ ಅಂತ ಬಿಟ್ಟುಬಿಡಬೇಡಿ, ರದ್ದು ಮಾಡುವವರು ಇದ್ದೇ ಇರುತ್ತಾರೆ. ಆಟಕ್ಕೆ ಒಂದೆರಡು ದಿನ ಇರುವಾಗ, ಅದರಲ್ಲೂ ಮಳೆಯ ಮುನ್ಸೂಚನೆ ಬಂದ ಸಂಜೆ, ಮತ್ತೆ ಮತ್ತೆ ನೋಡಿದರೆ ಏನಾದರೂ ಸಿಗುತ್ತದೆ. ಸೋಮವಾರ ಹುಡುಕಬೇಡಿ. ಸಾಮಾನ್ಯವಾಗಿ ಅವತ್ತು ಬ್ಲ್ಯಾಕ್‌ಗೆ ರಜೆ. ಚಳಿಗಾಲದಲ್ಲೂ ಮುಚ್ಚಿರುತ್ತದೆ.

ಇನ್ನೊಂದು ಮಾತು. ಜಾಸ್ತಿ ದುಡ್ಡು ಕೊಟ್ಟರೆ ಟೀ ಟೈಮ್ ಕೊಡಿಸುತ್ತೇನೆ ಅನ್ನುವವರು ಇರುತ್ತಾರೆ. ಬೇಡ. ಕೌಂಟರ್‌ನಲ್ಲಿ ಗುರುತಿನ ಚೀಟಿ ನೋಡುತ್ತಾರೆ.

3. ಬುಕಿಂಗ್ ಸಿಗದಿದ್ದರೆ: ಕಾರಿನ ಸಾಲು

ಇದೇ ಆ ಪ್ರಸಿದ್ಧ ರಾತ್ರಿ. ಪಾರ್ಕಿಂಗ್ ಜಾಗದಲ್ಲಿ ನಂಬರ್ ಹಾಕಿದ ಸ್ಥಳಗಳಿವೆ. ಮೊದಲು ಬಂದವರು ಒಂದನೇ ನಂಬರ್‌ನಲ್ಲಿ ಕಾರು ನಿಲ್ಲಿಸುತ್ತಾರೆ, ಆಮೇಲೆ ಬಂದವರು ಎರಡರಲ್ಲಿ. ಬೆಳಗಿನ ಮೊದಲ ಒಂದು ಗಂಟೆಯ ಟೀ ಟೈಮ್‌ಗಳನ್ನೂ, ಆಮೇಲೆ ಗಂಟೆಗೊಂದನ್ನೂ ಹೀಗೆ ನೇರವಾಗಿ ಬಂದವರಿಗಾಗಿ ಇಟ್ಟಿರುತ್ತಾರೆ. ಬೆಳಗಿನ ಜಾವ ಸಿಬ್ಬಂದಿ ಬಂದು ಸಾಲಿನ ಪ್ರಕಾರ ಕೈಪಟ್ಟಿ ಕಟ್ಟುತ್ತಾರೆ. ಆಮೇಲೆ ಕಿಟಕಿಗೆ ಹೋಗಿ ದುಡ್ಡು ಕಟ್ಟಿ ಹೊತ್ತು ಪಡೆಯುವುದು.

ಬೆಳಗಿನ ನಾಲ್ಕಕ್ಕೆ ಆ ಸಾಲು ನೋಡಬೇಕು. ಕಿಟಕಿ ಗಾಜುಗಳೆಲ್ಲ ಒಳಗಿನ ಉಸಿರಿಗೆ ಮಂಜಾಗಿರುತ್ತವೆ. ಒಂದು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಸಾಕ್ಸ್, ಇನ್ನೊಂದರ ಹಿಂಬಾಗಿಲು ತೆರೆದು ಇಬ್ಬರು ಫ್ಲಾಸ್ಕಿನ ಕಾಫಿ ಹಂಚಿಕೊಳ್ಳುತ್ತಿರುತ್ತಾರೆ. ಪಕ್ಕದಲ್ಲಿ ಒಬ್ಬಾತ ಟಾರ್ಚ್ ಬೆಳಕಲ್ಲಿ ಪಟ್ಟಿಂಗ್ (ಕುಳಿಯ ಹತ್ತಿರ ಚೆಂಡನ್ನು ಉರುಳಿಸಿ ಹೊಡೆಯುವುದು) ಅಭ್ಯಾಸ ಮಾಡುತ್ತಿರುತ್ತಾನೆ. ತಮಾಷೆಯಾಗಿರುತ್ತದೆ, ಒಂದು ಸಲಕ್ಕೆ. ನನ್ನ ಅಭಿಪ್ರಾಯ ಕೇಳಿದರೆ, ಮೂವತ್ತೈದು ದಾಟಿದವರು ರಾತ್ರಿಯಿಡೀ ಸೀಟಿನಲ್ಲಿ ಮುದುರಿಕೊಂಡು, ಬೆಳಿಗ್ಗೆ ಎದ್ದು ಈ ಗುಡ್ಡ ಹತ್ತುವುದು ಸುಮ್ನೆ ದೇಹಕ್ಕೆ ಮಾಡುವ ಮೋಸ.

ಮಲಗುವುದೇ ಆದರೆ: ದಪ್ಪ ಹೊದಿಕೆ ತನ್ನಿ, ಮೇ ತಿಂಗಳಲ್ಲೂ ರಾತ್ರಿ ಚಳಿ ಇರುತ್ತದೆ. ನಿಮ್ಮ ಗುಂಪಿನ ಎಲ್ಲರೂ ಬೆಳಿಗ್ಗೆ ಕೈಪಟ್ಟಿ ಕಟ್ಟುವ ಹೊತ್ತಿಗೆ ಅಲ್ಲೇ ಇರಲಿ. "ನನ್ನ ಸ್ನೇಹಿತ ದಾರಿಯಲ್ಲಿದ್ದಾನೆ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಕಾರಲ್ಲಿ ಮಲಗದೆ ಆಡುವ ದಾರಿಯೊಂದಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಒಬ್ಬರೇ ಬನ್ನಿ. ವಾರದ ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ ಬಂದು ಕೌಂಟರ್‌ನಲ್ಲಿ ಹೆಸರು ಹೇಳಿ ಕಾಯಿರಿ. ಮೂವರ ಗುಂಪು ಬಂದಾಗ ನಾಲ್ಕನೆಯವರಾಗಿ ನಿಮ್ಮನ್ನು ಸೇರಿಸುತ್ತಾರೆ. ಎರಡು ಮೂರು ಗಂಟೆ ಕಾಯಬೇಕಾಗಬಹುದು, ಆದರೆ ಒಂಟಿ ಆಟಗಾರನಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

4. ಚೀಲದಲ್ಲಿ ಏನಿರಬೇಕು

ಚೆಂಡು ಹೊಡೆಯುವ ಕೋಲಿಗೆ ಕ್ಲಬ್ ಎನ್ನುತ್ತಾರೆ. ನಿಯಮ 14 ಕ್ಲಬ್‌ವರೆಗೆ ಅವಕಾಶ ಕೊಡುತ್ತದೆ. ನೀವು ಹತ್ತು ತನ್ನಿ. ಹೆಗಲು ನಿಮಗೆ ಥ್ಯಾಂಕ್ಸ್ ಹೇಳುತ್ತದೆ. ತಳ್ಳುವ ಗಾಡಿ (ಪುಶ್ ಕಾರ್ಟ್) ಇದ್ದರೆ ಇನ್ನೂ ಒಳ್ಳೆಯದು. ಊರಿಂದ ಕ್ಲಬ್ ಹೊತ್ತು ತರುವುದು ಬೇಡ ಅಂದರೆ ಅಲ್ಲಿನ ಪ್ರೋ ಶಾಪ್‌ನಲ್ಲಿ (ಗಾಲ್ಫ್ ಸಾಮಾನಿನ ಅಂಗಡಿ) ಬಾಡಿಗೆಗೆ ಸಿಗುತ್ತವೆ, ಮೊದಲೇ ಫೋನ್ ಮಾಡಿ. ಕ್ಯಾಡಿ ಬೇಕಿದ್ದರೂ ಅದೇ ಮಾತು.

ಚೆಂಡು ಒಂದು ಡಜನ್. ನಗಬೇಡಿ. ಮರಳುಗುಂಡಿಯಿಂದ ಹೊಡೆಯುವ ಸ್ಯಾಂಡ್ ವೆಜ್ ಕಡ್ಡಾಯ. ನೀರು ಎರಡು ಲೀಟರ್. ಜುಲೈ, ಆಗಸ್ಟ್‌ನಲ್ಲಿ ಅಲ್ಲಿನ ಸೆಕೆ ಮಂಗಳೂರಿನ ಮೇ ತಿಂಗಳನ್ನು ನೆನಪಿಸುತ್ತದೆ. ಸಸ್ಯಾಹಾರಿಗಳು ಚಪಾತಿ ಸುರುಳಿ, ಬಾಳೆಹಣ್ಣು, ಒಂದಿಷ್ಟು ಶೇಂಗಾ ಚಿಕ್ಕಿ ಇಟ್ಟುಕೊಳ್ಳಿ. ನಡುವೆ ಹಸಿವಾದರೆ ಕ್ಲಬ್‌ಹೌಸ್ ದೂರ ಇರುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಉದ್ದ ಪ್ಯಾಂಟ್ ಅಥವಾ ಕನಿಷ್ಠ ಉದ್ದ ಸಾಕ್ಸ್ ಹಾಕಿ. ಇದು ಸ್ಟೈಲ್‌ನ ಮಾತಲ್ಲ. ಲಾಂಗ್ ಐಲ್ಯಾಂಡಿನ ಎತ್ತರದ ಹುಲ್ಲಿನಲ್ಲಿ ಉಣ್ಣೆಹುಳಗಳಿವೆ, ಲೈಮ್ ಕಾಯಿಲೆ ಹರಡುವುದು ಅವುಗಳಿಂದಲೇ. ಮೊಳಕಾಲಿನ ಎತ್ತರದ ಹುಲ್ಲಿಗೆ ಚೆಂಡು ಹೋದರೆ ಅದನ್ನು ಹುಲ್ಲಿಗೇ ಬಿಟ್ಟುಬಿಡಿ. ಮನೆಗೆ ಹೋದ ಮೇಲೆ ಮೊಳಕಾಲಿನ ಹಿಂಭಾಗ, ಸೊಂಟದ ಸುತ್ತ ಒಂದು ಸಲ ನೋಡಿಕೊಳ್ಳಿ.

5. ತಲುಪುವುದು

ಮ್ಯಾನ್‌ಹಟನ್‌ನಿಂದ ಲಾಂಗ್ ಐಲ್ಯಾಂಡ್ ರೈಲಿನಲ್ಲಿ ಫಾರ್ಮಿಂಗ್‌ಡೇಲ್ ಸ್ಟೇಷನ್‌ಗೆ ಸುಮಾರು ಒಂದು ಗಂಟೆ. ಅಲ್ಲಿಂದ ಟ್ಯಾಕ್ಸಿ. ಹತ್ತಿರದಲ್ಲೇ ಬೆತ್‌ಪೇಜ್ ಎಂಬ ಹೆಸರಿನ ಸ್ಟೇಷನ್ನೂ ಇದೆ. ಹೆಸರು ನೋಡಿ ಇಳಿಯಬೇಡಿ, ಕ್ಲಬ್‌ಹೌಸ್‌ಗೆ ಫಾರ್ಮಿಂಗ್‌ಡೇಲ್ ಹತ್ತಿರ. ಕಾರಿನಲ್ಲಿ ನ್ಯೂಜೆರ್ಸಿಯಿಂದ ಬರುವವರು ನಕ್ಷೆ ತೋರಿಸುವ ಹೊತ್ತಿಗೆ ಮುಕ್ಕಾಲು ಗಂಟೆ ಸೇರಿಸಿಕೊಳ್ಳಿ. ನ್ಯೂಯಾರ್ಕಿನ ಸೇತುವೆಗಳು ಯಾರ ಮಾತೂ ಕೇಳುವುದಿಲ್ಲ.

ಟೀ ಟೈಮ್‌ಗೆ ಒಂದು ಗಂಟೆ ಮೊದಲು ಅಲ್ಲಿರಿ. ದುಡ್ಡು ಕಟ್ಟಿ, ಕೈಕಾಲು ಸಡಿಲ ಮಾಡಿ, ಪಟ್ಟಿಂಗ್ ಹುಲ್ಲಿನ ಮೇಲೆ ಕಾಲು ಗಂಟೆ ಕಳೆಯಿರಿ. ಫೋಟೋವನ್ನು ಈಗಲೇ ತೆಗೆಸಿಕೊಳ್ಳಿ. ಸ್ಟಾರ್ಟರ್ (ಗುಂಪುಗಳನ್ನು ಒಂದೊಂದಾಗಿ ಬಿಡುವವರು) ಹೆಸರು ಕರೆದ ಮೇಲೆ ಫಲಕದ ಮುಂದೆ ಪೋಸು ಕೊಡುತ್ತಾ ನಿಂತರೆ ಆಟ ಶುರುವಾಗುವ ಮೊದಲೇ ಮರ್ಯಾದೆ ಹೋಗುತ್ತದೆ.

6. ಯಾವ ಟೀಯಿಂದ ಆಡಬೇಕು

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪ್ರತಿ ಹೋಲ್‌ನಲ್ಲೂ ಹೊಡೆಯಲು ಶುರು ಮಾಡುವ ಜಾಗಗಳು ಹಿಂದೆ, ನಡುವೆ, ಮುಂದೆ ಅಂತ ಬೇರೆ ಬೇರೆ ಇರುತ್ತವೆ. ಹಿಂದಿನ ಟೀಗಳಿಂದ ಬ್ಲ್ಯಾಕ್ 7,400 ಗಜಕ್ಕೂ ಉದ್ದ. ನಡುವಿನಿಂದ ಸುಮಾರು 6,700. ಮುಂದಿನಿಂದ 6,200ರ ಆಸುಪಾಸು. ಹೌದು, ಇಲ್ಲಿನ ಮುಂದಿನ ಟೀಯೇ ಎಷ್ಟೋ ಊರುಗಳ ನಡುವಿನ ಟೀಯಷ್ಟು ಉದ್ದ.

"ಇಷ್ಟು ದೂರ ಬಂದು ಟೈಗರ್ ಹೊಡೆದ ಜಾಗದಿಂದ ಹೊಡೆಯದೆ ಹೋಗೋದಾ?" ಅನಿಸುತ್ತದೆ, ಅಲ್ವಾ? 2002ರ ಪಂದ್ಯಾವಳಿಯಲ್ಲಿ ಹತ್ತನೇ ಹೋಲ್‌ನಲ್ಲಿ ಏನಾಯಿತು ಗೊತ್ತಾ? ಮಳೆ, ಎದುರುಗಾಳಿ. ಫೇರ್‌ವೇ (ಚೆಂಡು ಬೀಳಬೇಕಾದ ಕತ್ತರಿಸಿದ ಹುಲ್ಲಿನ ಹಾದಿ) ಶುರುವಾಗುವ ಮೊದಲೇ ಸುಮಾರು 250 ಗಜ ದೂರಕ್ಕೆ ಎತ್ತರದ ಹುಲ್ಲು. ವೃತ್ತಿಪರ ಆಟಗಾರರಲ್ಲೇ ಕೆಲವರ ಚೆಂಡು ಫೇರ್‌ವೇ ಮುಟ್ಟಲಿಲ್ಲ. ನಿಮ್ಮ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಹೊಡೆತ ಗಾಳಿಯಲ್ಲಿ 200 ಗಜ ಹೋಗುತ್ತದೆ ಅಂದರೆ ಹಿಂದಿನ ಟೀಯಲ್ಲಿ ನಿಮಗೆ ಆಟವೇ ಇಲ್ಲ, ಬರೀ ಹುಡುಕಾಟ. 220 ಗಜಕ್ಕಿಂತ ಕಡಿಮೆ ಹೊಡೆಯುವವರು ಮುಂದಿನಿಂದ, 250ರವರೆಗೆ ಹೊಡೆಯುವವರು ನಡುವಿನಿಂದ. ಇದು ನನ್ನ ಲೆಕ್ಕ. ನಿಮ್ಮ ಹೊಡೆತವನ್ನು ಅಳೆಯುವಾಗ ಜೀವನದ ಅತ್ಯುತ್ತಮ ಹೊಡೆತವನ್ನು ಲೆಕ್ಕ ಹಾಕಬೇಡಿ, ಮಾಮೂಲಿಯದನ್ನು ಹಾಕಿ.

7. ಆಟ: ಎಲ್ಲಿ ಹುಷಾರಾಗಿರಬೇಕು

ಹದಿನೆಂಟೂ ಹೋಲ್ ವಿವರಿಸುವುದಿಲ್ಲ. ಎಡವಿ ಬೀಳುವ ಜಾಗಗಳನ್ನು ಮಾತ್ರ ಹೇಳುತ್ತೇನೆ.

ಮೊದಲು ರಫ್. ಫೇರ್‌ವೇ ಪಕ್ಕದ ದಟ್ಟ ಹುಲ್ಲಿಗೆ ಈ ಹೆಸರು. ಇಲ್ಲಿನ ರಫ್‌ನಲ್ಲಿ ಚೆಂಡು ಹುಲ್ಲಿನ ಮೇಲೆ ಕೂರುವುದಿಲ್ಲ, ಒಳಗೆ ಇಳಿದುಬಿಡುತ್ತದೆ. ಮೇಲಿಂದ ನೋಡಿದರೆ ರೂಪಾಯಿ ನಾಣ್ಯದಷ್ಟು ಬಿಳಿ ಕಾಣುತ್ತದೆ, ಅಷ್ಟೆ. ಹೊಡೆಯುವಾಗ ಹುಲ್ಲು ಕ್ಲಬ್ಬಿನ ಕುತ್ತಿಗೆಗೆ ಸುತ್ತಿಕೊಂಡು ಅದನ್ನು ಎಡಕ್ಕೆ ತಿರುಗಿಸುತ್ತದೆ. ಕೈಗೆ ಜರ್ರೆಂದು ಏಟು ಬೀಳುತ್ತದೆ, ಚೆಂಡು ಹತ್ತಡಿ ಮುಂದೆ ಹೋಗಿ ಮತ್ತೆ ಅದೇ ಹುಲ್ಲಿನಲ್ಲಿ ಮಲಗುತ್ತದೆ. ಆದ್ದರಿಂದ ರಫ್‌ನಿಂದ ಉದ್ದದ ಕ್ಲಬ್ ಹಿಡಿಯಬೇಡಿ. ಒಂಬತ್ತನೇ ಐರನ್ ಅಥವಾ ವೆಜ್ (ಚೆಂಡನ್ನು ಎತ್ತರಕ್ಕೆ ಎಬ್ಬಿಸುವ ಚಿಕ್ಕ ಕ್ಲಬ್‌ಗಳು) ತೆಗೆದು, ಬಿಗಿಯಾಗಿ ಹಿಡಿದು, ಹತ್ತಿರದ ಫೇರ್‌ವೇಗೆ ಚೆಂಡು ಹಾಕಿ. ಒಂದು ಹೊಡೆತ ಹೋಯಿತು ಅಂತ ಬೇಜಾರಾಗುತ್ತದೆ. ವೀರಾವೇಶ ಮಾಡಿದರೆ ಮೂರು ಹೋಗುತ್ತವೆ.

ಎರಡನೆಯದು ಬಂಕರ್, ಅಂದರೆ ಮರಳುಗುಂಡಿ. ಬೇರೆ ಕಡೆ ಇವು ತಟ್ಟೆಯ ಹಾಗಿರುತ್ತವೆ. ಇಲ್ಲಿ ಬಾವಿ. ಕೆಲವದರೊಳಗೆ ಇಳಿದರೆ ನಿಮ್ಮ ತಲೆ ಮಾತ್ರ ಹೊರಗಿನವರಿಗೆ ಕಾಣುತ್ತದೆ. ಮುಂದಿನ ಗೋಡೆ ಎತ್ತರವಿದ್ದರೆ ಪಕ್ಕಕ್ಕೆ ಹೊಡೆಯಿರಿ, ಬೇಕಾದರೆ ಹಿಂದಕ್ಕೇ ಹೊಡೆಯಿರಿ. ಎರಡು ಸಲ ಹೊಡೆದೂ ಬರಲಿಲ್ಲವಾ? ನಿಯಮದಲ್ಲೇ ದಾರಿ ಇದೆ: ಚೆಂಡನ್ನು ಆಡಲಾಗದು ಎಂದು ಘೋಷಿಸಿ, ಎರಡು ಹೊಡೆತ ದಂಡ ಹಾಕಿಕೊಂಡು, ಬಂಕರ್‌ನಿಂದ ಹಿಂದೆ, ಹೊರಗೆ ಇಟ್ಟು ಆಡಬಹುದು. ನಾಲ್ಕನೇ ಹೋಲ್‌ನ ಬಂಕರ್‌ನಲ್ಲಿ ನಾನು ಐದು ಸಲ ಹೊಡೆದ ಮೇಲೆ ಜೊತೆಯಲ್ಲಿದ್ದವರು ಈ ನಿಯಮ ನೆನಪಿಸಿದರು.

ಒಂದನೇ ಹೋಲ್: ಎತ್ತರದಿಂದ ಕೆಳಕ್ಕೆ ಹೊಡೆಯುತ್ತೀರಿ, ದಾರಿ ಬಲಕ್ಕೆ ತಿರುಗುತ್ತದೆ. ಬಲಗಡೆಯ ಮರಗಳ ಮೇಲಿಂದ ಹಾರಿಸಿ ದೂರ ಕಡಿಮೆ ಮಾಡುವ ಆಸೆ ಬೇಡ. ಕಾಯುತ್ತಿರುವ ಗುಂಪುಗಳು ಹಿಂದೆ ನಿಂತು ನೋಡುತ್ತಿರುತ್ತವೆ, ಕೈ ನಡುಗುತ್ತದೆ. ಡ್ರೈವರ್ ಬದಲು ನಿಮಗೆ ನಂಬಿಕೆ ಇರುವ ಕ್ಲಬ್ ತೆಗೆಯಿರಿ.

ಅದು ಮುಗಿದ ಮೇಲೆ ರೌಂಡ್ ಸ್ವಾಂಪ್ ರೋಡ್ ಎಂಬ ರಸ್ತೆ ದಾಟುತ್ತೀರಿ. ಎರಡರಿಂದ ಹದಿನಾಲ್ಕರವರೆಗಿನ ಹೋಲ್‌ಗಳೆಲ್ಲ ರಸ್ತೆಯ ಆ ಕಡೆ. ಕ್ಲಬ್‌ಹೌಸ್ ಈ ಕಡೆ. ಒಂಬತ್ತು ಹೋಲ್ ಆದ ಮೇಲೆ ಕ್ಲಬ್‌ಹೌಸ್‌ಗೆ ಬಂದು ತಿಂಡಿ ತಿನ್ನುವ ಬೆಂಗಳೂರಿನ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಚಪಾತಿ ಸುರುಳಿ ಅಂದಿದ್ದು ಇದಕ್ಕೇ.

ನಾಲ್ಕನೇ ಹೋಲ್‌ನ ಟೀ ಮೇಲೆ ನಿಂತು ಒಂದು ನಿಮಿಷ ಸುಮ್ಮನೆ ನೋಡಿ. ಗಾಲ್ಫ್ ಬಲ್ಲವರು ಬ್ಲ್ಯಾಕ್ ಅಂದ ತಕ್ಷಣ ನೆನಪಿಸಿಕೊಳ್ಳುವುದು ಇದನ್ನೇ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಹೋಲ್, ಪಾರ್ 5, ನಡುವೆ ದಿಣ್ಣೆಯ ಅಡ್ಡಕ್ಕೆ ಹಬ್ಬಿದ ಭಾರಿ ಬಂಕರ್. ಅದಕ್ಕೆ ಹಿಮನದಿ ಬಂಕರ್ ಎಂದೇ ಹೆಸರು. ಮೊದಲ ಹೊಡೆತ ಕೆಳಗಿನ ಮೆಟ್ಟಿಲಿಗೆ. ಎರಡನೆಯದು ಆ ಬಂಕರ್ ದಾಟಿ ಮೇಲಿನ ಮೆಟ್ಟಿಲಿಗೆ. ಇಲ್ಲೇ ಲೆಕ್ಕ ತಪ್ಪುವುದು. ಮೊದಲ ಹೊಡೆತ ರಫ್‌ಗೆ ಹೋಗಿದ್ದರೆ ಎರಡನೆಯದರಲ್ಲಿ ದಾಟಲು ಹೋಗಬೇಡಿ, ಬಂಕರ್‌ನ ಮುಂದೆ ನಿಲ್ಲಿಸಿ, ಮೂರನೆಯದರಲ್ಲಿ ದಾಟಿ. ಗ್ರೀನ್ (ಕುಳಿ ಇರುವ, ನುಣ್ಣಗೆ ಕತ್ತರಿಸಿದ ಹುಲ್ಲು) ಹಿಂದಕ್ಕೆ ಇಳಿಜಾರು. ಚೆಂಡು ಬಿದ್ದ ಮೇಲೂ ಉರುಳುತ್ತಲೇ ಹೋಗುತ್ತದೆ.

ಐದನೆಯದರಲ್ಲಿ ಬಂಕರ್ ಓರೆಯಾಗಿ ಮಲಗಿದೆ. ಎಡಗಡೆ ಸುಲಭವಾಗಿ ದಾಟಬಹುದು, ಆದರೆ ಅಲ್ಲಿಂದ ಗ್ರೀನ್‌ಗೆ ಮರಗಳು ಅಡ್ಡ. ಬಲಗಡೆ ದಾಟಲು ಕಷ್ಟ, ದಾಟಿದರೆ ಗ್ರೀನ್ ನೇರಕ್ಕೆ ಸಿಗುತ್ತದೆ. ಎಷ್ಟು ಧೈರ್ಯವೋ ಅಷ್ಟು ಲಾಭ. ಟಿಲ್ಲಿಂಗ್‌ಹ್ಯಾಸ್ಟ್ ಅವರದೋ ಬರ್ಬೆಕ್ ಅವರದೋ, ಯಾರ ತಲೆಯೋ ಇದು, ಬಹಳ ಚುರುಕು ತಲೆ. ನಮ್ಮಂಥವರು ಎಡಕ್ಕೆ ಹೊಡೆದು, ಮೂರನೇ ಹೊಡೆತದಲ್ಲಿ ಗ್ರೀನ್ ಸೇರುವುದು ಕ್ಷೇಮ.

ಎಂಟನೆಯದು ಪಾರ್ 3. ಎತ್ತರದಿಂದ ಕೊಳದ ಮೇಲೆ ಹಾರಿಸಬೇಕು. ಇಳಿಜಾರು ಎಂದು ಚಿಕ್ಕ ಕ್ಲಬ್ ತೆಗೆದವರ ಚೆಂಡುಗಳು ಆ ಕೊಳದ ತಳದಲ್ಲಿವೆ. ಹತ್ತು, ಹನ್ನೊಂದು, ಹನ್ನೆರಡು ಉದ್ದದ ಪಾರ್ 4ಗಳು, ಬೆನ್ನು ಮುರಿಯುವ ಸಾಲು. ಇವನ್ನು ಮನಸ್ಸಿನಲ್ಲೇ ಪಾರ್ 5 ಎಂದುಕೊಂಡು ಆಡಿ, ನೆಮ್ಮದಿ ಇರುತ್ತದೆ. ಹದಿನಾಲ್ಕನೆಯದು ಚಿಕ್ಕ ಪಾರ್ 3, ಸ್ವಲ್ಪ ಉಸಿರಾಡಿಕೊಳ್ಳಿ. ಯಾಕೆಂದರೆ ರಸ್ತೆ ದಾಟಿ ಈ ಕಡೆ ಬಂದ ಕೂಡಲೇ ಹದಿನೈದು.

ಹದಿನೈದನೇ ಹೋಲ್ ಬ್ಲ್ಯಾಕ್‌ನ ಅತಿ ಕಷ್ಟದ ಹೋಲ್. ಗ್ರೀನ್ ಐದಾರು ಮಾಳಿಗೆಯ ಕಟ್ಟಡದಷ್ಟು ಮೇಲಿದೆ, ಮುಂದೆ ಬಂಕರ್‌ಗಳ ಗೋಡೆ. ಕೆಳಗಿಂದ ನೋಡಿದರೆ ಬಾವುಟದ ತುದಿ ಮಾತ್ರ ಕಾಣುತ್ತದೆ. ದೂರ ಅಳೆಯುವ ಯಂತ್ರ ಹೇಳಿದ್ದಕ್ಕಿಂತ ಎರಡು ಕ್ಲಬ್ ದೊಡ್ಡದು ತೆಗೆಯಿರಿ. ಇಲ್ಲಿನ ಹೆಚ್ಚಿನ ಗ್ರೀನ್‌ಗಳು ಅಷ್ಟೇನೂ ವಾಲುವುದಿಲ್ಲ. ಪಟ್ಟಿಂಗ್‌ನಲ್ಲಿ ಇಲ್ಲದ ತಿರುವನ್ನು ಊಹಿಸಿ ಕೆಟ್ಟವರೇ ಜಾಸ್ತಿ. ಆದರೆ ಹದಿನೈದರ ಗ್ರೀನ್ ಬೇರೆ. ಅಲ್ಲಿ ಎರಡು ಅಂತಸ್ತು. ಬಾವುಟ ಯಾವ ಅಂತಸ್ತಿನಲ್ಲಿದೆ ನೋಡಿ, ಅದರ ಕೆಳಗೇ ಉಳಿಯಿರಿ. ಮೇಲಿಂದ ಉರುಳಿಸಿದ ಚೆಂಡು ನಿಲ್ಲುವುದಿಲ್ಲ.

ಹದಿನಾರು ಎತ್ತರದ ಟೀಯಿಂದ ಕೆಳಕ್ಕೆ, ಬಹಳ ಚೆಂದದ ನೋಟ. ಹದಿನೇಳನೆಯದು ಪಾರ್ 3, ಗ್ರೀನ್ ಸುತ್ತ ಬಂಕರ್‌ಗಳ ಹಾರ. ಹದಿನೆಂಟರಲ್ಲಿ ಎರಡೂ ಬದಿ ಬಂಕರ್‌ಗಳ ಗುಂಪು, ನಡುವೆ ಸಣ್ಣ ಓಣಿ. ಟೀಯಿಂದ ಐರನ್ ಹೊಡೆದು, ಬಂಕರ್‌ಗಳ ಮೊದಲೇ ನಿಲ್ಲಿಸಿ. ಆಮೇಲೆ ಕ್ಲಬ್‌ಹೌಸ್ ಕಡೆಗೆ ಏರು.

8. ಜೊತೆಯವರಿಗೆ ತೊಂದರೆ ಕೊಡದಿರಲು

ಚೆಂಡು ಹುಡುಕಲು ನಿಯಮ ಕೊಡುವುದು ಮೂರು ನಿಮಿಷ. ಕಳೆದಿರಬಹುದು ಅನಿಸಿದರೆ ಅಲ್ಲೇ ಇನ್ನೊಂದು ಚೆಂಡು ಹೊಡೆದು ಮುಂದೆ ಹೋಗಿ. ಹಿಂದಕ್ಕೆ ನಡೆದು ಬರುವುದು ಈ ಗುಡ್ಡದಲ್ಲಿ ಶಿಕ್ಷೆ. ಒಂದು ಹೋಲ್‌ನಲ್ಲಿ ಪಾರ್‌ನ ಎರಡರಷ್ಟು ಹೊಡೆತ ಆಯಿತು ಅಂದರೆ ಚೆಂಡು ಎತ್ತಿ ಜೇಬಿಗೆ ಹಾಕಿ. ಹಿಂದಿನ ಗುಂಪಿಗಿಂತ ನೋಡಬೇಕಾದ್ದು ಮುಂದಿನ ಗುಂಪನ್ನು. ಅವರು ಕಾಣದಷ್ಟು ದೂರ ಹೋಗಿದ್ದರೆ ನೀವು ತಡವಾಗಿದ್ದೀರಿ. ಬಂಕರ್‌ನಿಂದ ಹೊರಬಂದ ಮೇಲೆ ಕುಂಟೆಯಿಂದ ಮರಳು ಸರಿಮಾಡಿ, ಗ್ರೀನ್ ಮೇಲೆ ಚೆಂಡು ಬಿದ್ದ ಗುಳಿಯನ್ನು ಮುಚ್ಚಿ. ಜೊತೆಯಲ್ಲಿ ಸೇರಿಸಿದ ಅಪರಿಚಿತರು ಸಾಮಾನ್ಯವಾಗಿ ಮಾತುಗಾರರು, ಬ್ಲ್ಯಾಕ್ ಕಥೆ ಹೇಳೋಕೆ ಕಾಯುತ್ತಿರುತ್ತಾರೆ. ಆದರೆ ನೀವು ಕೇಳದೆ ಅವರಿಗೆ ಆಟದ ಸಲಹೆ ಕೊಡಬೇಡಿ.

9. ಮುಗಿದ ಮೇಲೆ

ಶೂ ಬಿಚ್ಚಿ, ಸಾಕ್ಸ್ ಬದಲಿಸಿ. ಕಾರಿನಲ್ಲಿ ಒಂದು ಜೊತೆ ಚಪ್ಪಲಿ ಇಟ್ಟಿದ್ದರೆ ಆ ಹೊತ್ತಿಗೆ ಅದೇ ಸ್ವರ್ಗ. ಪ್ರೋ ಶಾಪ್‌ನಲ್ಲಿ ಆ ಎಚ್ಚರಿಕೆ ಫಲಕದ ಚಿತ್ರ ಇರುವ ಟೋಪಿ, ಅಂಗಿ ಎಲ್ಲ ಸಿಗುತ್ತವೆ. ಹೊಟ್ಟೆ ಹಸಿದಿದ್ದರೆ ಹತ್ತಿರದ ಹಿಕ್ಸ್‌ವಿಲ್‌ಗೆ ಹೋಗಿ. ನಮ್ಮ ದೇಶದವರ ಅಂಗಡಿ, ಹೋಟೆಲುಗಳು ಸಾಲಾಗಿರುವ ಊರು ಅದು, ಬಿಸಿ ದೋಸೆ ಸಿಗುತ್ತದೆ. ರೈಲಿನಲ್ಲಿ ಬಂದವರಿಗೂ ಅನುಕೂಲ: ಫಾರ್ಮಿಂಗ್‌ಡೇಲ್‌ನಿಂದ ಮ್ಯಾನ್‌ಹಟನ್ ಕಡೆಗೆ ಹೋಗುವ ದಾರಿಯಲ್ಲೇ ಹಿಕ್ಸ್‌ವಿಲ್ ಸ್ಟೇಷನ್ ಬರುತ್ತದೆ, ಇಳಿದು ತಿಂದು ಮುಂದಿನ ರೈಲು ಹಿಡಿಯಬಹುದು. ಕ್ಲಬ್ ಚೀಲವನ್ನು ಹೋಟೆಲಿನ ಮೇಜಿನ ಕಾಲಿಗೆ ಒರಗಿಸಿ ಕೂತರೆ ಪಕ್ಕದ ಮೇಜಿನವರು ಕೇಳಿಯೇ ಕೇಳುತ್ತಾರೆ, "ಬ್ಲ್ಯಾಕಾ? ಎಷ್ಟಾಯ್ತು?" ನಾನು ಹದಿನೈದನೆಯ ಹೋಲ್ ಬಿಟ್ಟು ಉಳಿದದ್ದರ ಲೆಕ್ಕ ಹೇಳುತ್ತೇನೆ.